ಒಂದು ಕಳೆದು ಹೇಳು

ತೋಪಿನಹಟ್ಟಿ, ಕಣಕಟ್ಟೆ ಹೋಬಳಿ
ಅರಸೀಕೆರೆ ತಾಲ್ಲೂಕು
29 ನವೆಂಬರ್ 1999, ಸೋಮವಾರ

ಪ್ರೀತಿಯ ಮಗಳು ಮೀನಾಕ್ಷಿಗೆ,

ನಿನ್ನ ಆರೋಗ್ಯ ಹೇಗಿದೆ? ಬೀದರಿನ ಬಿಸಿಲಿಗೆ ಬರುತ್ತಿದ್ದ ತಲೆನೋವು ಚಳಿಗಾಲಕ್ಕಾದರೂ ಬಿಟ್ಟಿತೇ? ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನಕ್ಕೆ ಸೂಜಿ ಚುಚ್ಚುವ ನರ್ಸಮ್ಮ, ನೀನು ಒಂದು ಮಾತ್ರೆ ನುಂಗಲು ಹತ್ತು ಸಲ ಹಿಂದೆ ಮುಂದೆ ನೋಡುತ್ತೀಯ, ನನಗೆ ಗೊತ್ತಿಲ್ಲವೇ. ಅಳಿಯಂದಿರಿಂದ ಕಾಗದ ಬಂತೇ? ಮಿಲಿಟರಿಯವರಿಗೆ ಉಣ್ಣೆ ಬಟ್ಟೆ ಕೊಡುತ್ತಾರಂತೆ, ಆದರೂ ಅಸ್ಸಾಮಿನ ಚಳಿ ಚಳಿಯೇ. ಇಲ್ಲಿ ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ. ಬಾಯಿಗೇನೂ ನೋವಿರಲಿಲ್ಲ, ಆದರೆ ಎಂಟು ದಿನದಿಂದ ಅದೂ ನಿಂತಿದೆ, ನನ್ನ ಮಟ್ಟಿಗೆ. ತಟ್ಟೆ ಇಡುತ್ತಾಳೆ, ಮುದ್ದೆ ಹಾಕುತ್ತಾಳೆ, ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ನನಗೆ ರಕ್ತದೊತ್ತಡ ಇದ್ದಷ್ಟೇ ಇದೆ. ಕಣಕಟ್ಟೆಗೆ ಹೋಗಿ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಬಹುದಿತ್ತು. ಅಲ್ಲಿ ಬೆಂಚಿನ ಮೇಲೆ ಯಾವಾಗ ನೋಡಿದರೂ ನಾಲ್ಕು ಜನ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ನಾನು ಹೇಳಬೇಕಾದದ್ದು ಅವರ ಮುಂದೆ ಹೇಳುವಂಥದ್ದಲ್ಲ. ಹಾಗಾಗಿ ಕಾಗದ. ಒಂದೇ ಸಲ ಓದಿ ಮುಗಿಸಬೇಡ, ಡ್ಯೂಟಿ ಮುಗಿಸಿ ಕೂತು ಓದು.

ಮೇ ತಿಂಗಳಲ್ಲಿ ಮಕ್ಕಳಿಬ್ಬರನ್ನೂ ನಮ್ಮ ಹತ್ತಿರ ಬಿಟ್ಟು ಬಸ್ಸು ಹತ್ತುವಾಗ ನೀನು ಒಂದು ಮಾತು ಹೇಳಿದ್ದೆ. "ಅಪ್ಪಾ, ಭೀಮರಾಜನ ಚಿಂತೆ ನನಗಿಲ್ಲ. ಹರ್ಷಿತಾ ಸ್ವಲ್ಪ ಬೇರೆ ಥರ. ಅವಳನ್ನ ನಿಧಾನಕ್ಕೆ ನೋಡ್ಕೊಳಿ." ನನಗೆ ಆಗ ನಗು ಬಂದಿತ್ತು. ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವನಿಗೆ ಮಗು ನೋಡಿಕೊಳ್ಳುವುದನ್ನು ಹೇಳಿಕೊಡಲು ಬಂದಳಲ್ಲ ಎಂದು. ನೀನು ಹೋದ ವಾರದೊಳಗೇ ಗೊತ್ತಾಯಿತು ಅವಳು ಎಷ್ಟು ಬೇರೆ ಎಂದು. ನಾನು ಜಗುಲಿಯಲ್ಲಿ ಪೇಪರು ಓದುವಾಗ ಎದುರಿಗೆ ಕೂರುತ್ತಾಳಲ್ಲ, ಅಲ್ಲಿಂದಲೇ ತಲೆಕೆಳಗಾದ ಅಕ್ಷರಗಳನ್ನು ಸರಸರ ಓದುತ್ತಿದ್ದಳು. ಆರು ವರ್ಷದ ಮಗು! ತೋಟದಲ್ಲಿ ತೆಂಗಿನಕಾಯಿ ರಾಶಿ ಹಾಕಿದ್ದರೆ ಒಂದೊಂದಾಗಿ ಎಣಿಸುತ್ತಿರಲಿಲ್ಲ, ಸುತ್ತ ಒಂದು ಬಾರಿ ನಡೆದು ಬಂದು ಇಷ್ಟಿರಬಹುದು ಅನ್ನುತ್ತಿದ್ದಳು, ಎರಡು ಮೂರು ಆಚೀಚೆ ಅಷ್ಟೇ. ಇಪ್ಪತ್ತರ ತನಕ ಮಗ್ಗಿ ನಾನು ಕಲಿಸಲಿಲ್ಲ, ಅವಳೇ ಕೂಡಿಕೊಂಡು ಕಟ್ಟಿಕೊಂಡಳು. ಒಂದು ದಿನ ಕೇಳಿದಳು, "ತಾತ, ಸೊನ್ನೆ ಇಲ್ದೇ ಇದ್ರೆ ಹತ್ತನ್ನ ಹೆಂಗೆ ಬರೀತಿದ್ರು?" ನನಗೆ ಉತ್ತರ ಬರಲಿಲ್ಲ. ಬರಲಿಲ್ಲ ಎಂದು ಒಪ್ಪಿಕೊಳ್ಳದೆ ಹೋಗಿ ನೀರು ತಗೊಂಡು ಬಾ ಅಂದೆ.

ನಮ್ಮ ಶಾಲೆ ನಿನಗೆ ಗೊತ್ತಲ್ಲ. ಒಂದು ಕೊಠಡಿಯ ಹೆಂಚು ಹಾರಿಹೋಗಿ ಎರಡು ವರ್ಷವಾಯಿತು, ಒಂದರಿಂದ ನಾಲ್ಕನೇ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಹಜಾರದಲ್ಲಿ ಕೂರುತ್ತವೆ. ಹಾಗಾಗಿ ಒಂದನೇ ತರಗತಿಯ ಹರ್ಷಿತಾ, ನಾಲ್ಕನೇ ತರಗತಿಯ ಭೀಮರಾಜ ಒಂದೇ ಸೂರಿನ ಕೆಳಗೆ. ಕರಿಬಸವಯ್ಯ ಈಗ ಹೆಡ್ ಮೇಷ್ಟ್ರು, ನನ್ನ ಕೈಯಲ್ಲೇ ಓದಿದವನು. ಬಾಯಿಲೆಕ್ಕ ಕೇಳುವಾಗ ಅವನು ನಾನು ಮಾಡುತ್ತಿದ್ದ ಹಾಗೆಯೇ ಮಾಡುತ್ತಾನೆ. ನಾಲ್ಕನೇ ತರಗತಿಯ ಒಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಕೇಳುವುದು, ಬರಲಿಲ್ಲ ಅಂದರೆ ನಿಲ್ಲಿಸುವುದು. ಕೊನೆಗೆ ಯಾರು ಸರಿ ಹೇಳುತ್ತಾರೋ ಅವರು ನಿಂತವರೆಲ್ಲರ ಮೂಗು ಹಿಡಿದು ಕೆನ್ನೆಗೆ ಬಾರಿಸುವುದು. ಜೂನ್ ತಿಂಗಳಲ್ಲಿ ನಾನೇ ಅವನಿಗೆ ಹೇಳಿದೆ, ಒಂಬತ್ತು ಜನಕ್ಕೂ ಬಾರದ ಲೆಕ್ಕವನ್ನು ನನ್ನ ಮೊಮ್ಮಗಳಿಗೆ ಕೇಳು ಎಂದು. ಅವತ್ತಿನಿಂದ ಶುರುವಾಯಿತು. ಅವಳಿಗೆ ದೊಡ್ಡವರ ಮೂಗು ಎಟುಕುತ್ತಿರಲಿಲ್ಲ. ಅದಕ್ಕೆ ಒಂಬತ್ತು ಜನರೂ ಅವಳ ಮುಂದೆ ಸಾಲಾಗಿ ಮಂಡಿಯೂರುತ್ತಿದ್ದರು. ನಾನು ದಿನಾ ಹನ್ನೊಂದು ಗಂಟೆಗೆ ಕೊಡೆ ಹಿಡಿದು ಹೋಗಿ ಕಿಟಕಿಯ ಆಚೆ ನಿಂತು ನೋಡುತ್ತಿದ್ದೆ.

ನೀನು ಈಗ ಹಲ್ಲು ಕಚ್ಚಿಕೊಂಡು ಓದುತ್ತಿದ್ದೀಯ, ಗೊತ್ತು. ನನ್ನದೂ ಒಂದು ಮಾತು ಕೇಳು. ಅದೇ ಹಜಾರದ ಹೊರಗಿನ ಜಗುಲಿಯಲ್ಲಿ ನಾನು ಮೂರು ವರ್ಷ ಕೂತು ಓದಿದೆ, ಒಳಗೆ ಬಿಡುತ್ತಿರಲಿಲ್ಲ. ಆಗಲೂ ಇದೇ ಪದ್ಧತಿ. ಒಳಗಿನವರಿಗೆ ಬಾರದ ಲೆಕ್ಕವನ್ನು ನಾನು ಹೊರಗಿನಿಂದ ಕೂಗಿ ಹೇಳುತ್ತಿದ್ದೆ. ಸರಿ ಹೇಳಿದರೂ ನಾನು ಯಾರ ಮೂಗನ್ನೂ ಹಿಡಿಯುವ ಹಾಗಿರಲಿಲ್ಲ, ಮುಟ್ಟಬಾರದಲ್ಲ. ಮೇಷ್ಟ್ರು "ಹ್ಞೂಂ" ಎಂದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದರು. ಪಟೇಲರ ಮನೆ ಚನ್ನಬಸವಯ್ಯ ನನ್ನ ವಾರಿಗೆಯವನು, ಏಳರ ಮಗ್ಗಿ ಕೊನೆಯವರೆಗೂ ಬಾರದವನು. ಬಾಗಿಲ ಸಂದಿಯಿಂದ ನನ್ನ ಕಡೆ ನೋಡಿ ತನ್ನ ಮೂಗನ್ನು ತಾನೇ ಹಿಡಿದುಕೊಂಡು ನಗುತ್ತಿದ್ದ. ಐವತ್ತೈದು ವರ್ಷವಾದರೂ ಆ ನಗು ನನ್ನ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು. ಈಗ ಅವನ ಮೊಮ್ಮಗ ಲೋಕೇಶ ನಾಲ್ಕನೇ ತರಗತಿಯಲ್ಲಿದ್ದಾನೆ, ಅಜ್ಜನ ತಲೆಯೇ ಅವನಿಗೂ ಬಂದಿದೆ. ಅವನು ಮಂಡಿಯೂರಿ ಮೂಗು ಕೊಟ್ಟಾಗ, ನಿನ್ನ ಮಗಳು ಪುಟ್ಟ ಕೈಯೆತ್ತಿ ಬಾರಿಸಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅವತ್ತು ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದೆ.

ಆ ಸಾಲಿನಲ್ಲಿ ಭೀಮರಾಜನೂ ಇದ್ದ. ಅವನು ಲೆಕ್ಕದಲ್ಲಿ ನಿಧಾನ. ಅಣ್ಣನ ಮುಂದೆ ಬಂದಾಗ ಅವಳು ಬೆರಳು ತಾಗಿಸಿದ ಹಾಗೆ ಮಾಡಿದಳು. ಕರಿಬಸವಯ್ಯ "ಹಿಂಗಲ್ಲಮ್ಮ, ಹಿಂಗೆ" ಎಂದು ಅವಳ ಕೆನ್ನೆಗೇ ಒಂದು ಕೊಟ್ಟು ತೋರಿಸಿದ. ಇದೂ ನನ್ನದೇ ಕ್ರಮ, ಮೆಲ್ಲಗೆ ಹೊಡೆದವರಿಗೆ ಜೋರಾಗಿ ಹೊಡೆದು ಕಲಿಸುವುದು. ಭೀಮರಾಜ ಮಂಡಿಯೂರಿದ್ದಲ್ಲಿಂದಲೇ "ಜೋರಾಗಿ ಹೊಡಿ ಪುಟ್ಟಿ, ನಂಗೇನೂ ಆಗಲ್ಲ" ಅಂದ. ಅವಳು ಹೊಡೆದಳು. ನಾನು ಕಿಟಕಿಯಲ್ಲಿ ನಕ್ಕೆ. ಜುಲೈ, ಆಗಸ್ಟು, ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಅವಳು ಎಡಗೈಯಲ್ಲಿ ಊಟ ಮಾಡಲು ಹಿಡಿದಳು. ನಿನ್ನ ಅಮ್ಮ ಬೈದರೆ "ಬಲಗೈ ಗಲೀಜಾಗೈತೆ ಅಜ್ಜಿ" ಅನ್ನುತ್ತಿದ್ದಳು, ಎಷ್ಟು ತೊಳೆದರೂ ಅದೇ ಮಾತು. ನಿನ್ನ ಅಮ್ಮ ನನಗೆ ಹೇಳಿದಳು, "ಮಗೀನ ಯಾಕ್ ಹಿಂಗೆ ಕುಣಿಸ್ತೀರ? ಓದ್ಕಂಡು ತನ್ ಪಾಡಿಗೆ ತಾನು ಇರಲಿ ಬಿಡ್ರಿ." ಹೊಸದಾಗಿ ಬಂದಿರುವ ಕಾಂತಮ್ಮ ಟೀಚರ್ ಕೂಡ ಮನೆಯವರೆಗೆ ಬಂದು ಹೇಳಿಹೋದರು. "ಸಾರ್, ಹುಷಾರಿರೋ ಮಗೂನ ಎಲ್ಲರ ಮುಂದೆ ನಿಲ್ಲಿಸಬೇಡಿ, ಕೂರಿಸಿ. ಕೈಗೊಂದು ಪುಸ್ತಕ ಕೊಡಿ. ಅದಕ್ಕೆ ಗೊತ್ತಿರೋದನ್ನೇ ದಿನಾ ಕೇಳಿದ್ರೆ ಏನು ಬಂತು? ಗೊತ್ತಿಲ್ಲದ್ದು ಏನಾದ್ರೂ ಕೊಡಿ." ನಾನು ಅವರಿಗೆ ಸರ್ವೀಸು ಎಷ್ಟಾಯಿತು ಎಂದು ಕೇಳಿದೆ. ಆರು ತಿಂಗಳು ಅಂದರು. ಆರು ವರ್ಷ ಆಗಲಿ, ಆಮೇಲೆ ಬನ್ನಿ ಎಂದು ಕಳಿಸಿದೆ. ನೀನು ಜುಲೈನಲ್ಲಿ ಕಳಿಸಿದ್ದ ಏಳು ಕಥೆಪುಸ್ತಕಗಳನ್ನೂ ಅವಳಿಗೆ ಕೊಟ್ಟಿರಲಿಲ್ಲ ಮೀನಾ. ಕಥೆ ಓದುತ್ತಾ ಕೂತರೆ ಲೆಕ್ಕ ಸಡಿಲವಾಗುತ್ತದೆ ಎಂದು ಟ್ರಂಕಿಗೆ ಹಾಕಿ ಬೀಗ ಜಡಿದಿದ್ದೆ.

ಸೆಪ್ಟೆಂಬರಿನಲ್ಲಿ ಹರ್ಷಿತಾ ತಪ್ಪು ಹೇಳಲು ಶುರುಮಾಡಿದಳು. ಕರಿಬಸವಯ್ಯ ಲೆಕ್ಕ ಹೇಳಿ ಬಾಯಿ ಮುಚ್ಚುವುದರೊಳಗೆ, ಯಾರನ್ನೂ ಕೇಳುವ ಮೊದಲೇ, ತಾನೇ ಎದ್ದು ಉತ್ತರ ಕೂಗುವುದು, ಅದು ತಪ್ಪಾಗಿರುವುದು. ಆಶ್ಚರ್ಯವೆಂದರೆ ಅವಳು ತಪ್ಪಿದ ಲೆಕ್ಕವನ್ನು ಭೀಮರಾಜ ಸರಿ ಹೇಳುತ್ತಿದ್ದ. ಮೊದಲು ನಿಂತವಳು ಅವಳೊಬ್ಬಳೇ, ಹಾಗಾಗಿ ಅವನು ಅವಳೊಬ್ಬಳ ಮೂಗು ಹಿಡಿದರೆ ಮುಗಿಯಿತು, ಮುಂದಿನ ಲೆಕ್ಕ. ಹುಡುಗ ಅರಳಿದ, ಹುಡುಗಿ ಮಂಕಾದಳು ಎಂದು ನಾನು ತಿಳಿದೆ. ನಿನ್ನ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಇವನ್ನೆಲ್ಲ ಬಿಟ್ಟವನು ನಾನು, ಆದರೂ ಸುಮ್ಮನೆ ನೋಡುತ್ತಿದ್ದೆ. ಮನೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಲೆಕ್ಕ ಹಾಕಿಸಿದೆ. ಅಲ್ಲಿಯೂ ತಪ್ಪು.

ಅಕ್ಟೋಬರಿನಲ್ಲಿ ಶಾಲೆಯಿಂದ ಬೇಲೂರು, ಹಳೇಬೀಡು ಪ್ರವಾಸ ಹೋದೆವು, ನಾನೂ ಹೋಗಿದ್ದೆ. ಹಳೇಬೀಡಿನ ಗುಡಿಯ ಮುಂದೆ ಹುಲ್ಲಿನ ಮೇಲೆ ಪುಳಿಯೋಗರೆ ತಿಂದು ಕೂತಿದ್ದಾಗ ಬೇರೆ ಊರಿನ ಶಾಲೆಯವರೂ ಬಂದರು, ಅವರ ಜೊತೆ ನಾಲ್ಕು ಜನ ಮೇಷ್ಟ್ರು. ನನಗೆ ಚಪಲ ತಡೆಯಲಿಲ್ಲ. ನಮ್ಮ ಹುಡುಗಿಯನ್ನು ಒಂದು ಸಲ ನೋಡಲಿ ಎಂದು ಕರಿಬಸವಯ್ಯನಿಗೆ ಕಣ್ಣು ಹೊಡೆದೆ. ಅವನು ಗೋಡೆ ತೋರಿಸಿ ಕೇಳಿದ, "ಒಂದು ಸಾಲಿಗೆ ಎಂಟು ಆನೆ. ಅಂಥ ಏಳು ಸಾಲು. ಒಟ್ಟು ಎಷ್ಟು?" ಎಂಟೇಳಲ ಐವತ್ತಾರು ನಿದ್ದೆಯಲ್ಲಿ ಹೇಳುವ ಮಗು ಎದ್ದು ನಿಂತು "ಐವತ್ತೇಳು" ಅಂದಳು. ಭೀಮರಾಜ ಬಾಯಿ ತೆರೆಯುವ ಮೊದಲೇ ಲೋಕೇಶ "ಐವತ್ತಾರು ಸಾ" ಎಂದು ಹಾರಿದ. ಅಷ್ಟು ಜನರ ಮುಂದೆ ಅವನು ಅವಳ ಮೂಗು ಹಿಡಿದು ಬಾರಿಸಿದ. ಗುಡಿ ನೋಡಲು ಬಂದಿದ್ದ ಬಿಳಿಯರಿಬ್ಬರು ಅದೇನೋ ಆಟವೆಂದು ತಿಳಿದು ನಗುತ್ತಾ ಫೋಟೋ ತೆಗೆದುಕೊಂಡರು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ? ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ದಾರಿಯುದ್ದಕ್ಕೂ ಗೊಣಗಿದೆ, ಮನೆಗೆ ಬಂದ ಮೇಲೂ ಎರಡು ಮಾತು ಬೈದೆ. ಮಾರನೆಯ ದಿನ ಕಣಕಟ್ಟೆ ಹೋಟೆಲಿನಲ್ಲಿ ಚನ್ನಬಸವಯ್ಯ ಸಿಕ್ಕಿ, "ಏನ್ ಮೇಷ್ಟ್ರೇ, ಮೊಮ್ಮಗಳಿಗೆ ಮಗ್ಗಿ ಮರ್ತೋಯ್ತಂತೆ?" ಎಂದು ಕೇಳಿ ತನ್ನ ಮೂಗಿನ ತುದಿ ಸವರಿಕೊಂಡ. ಮುದುಕ ಏನನ್ನೂ ಮರೆತಿಲ್ಲ.

ಅವತ್ತು ಬಂದು ಅವಳ ತಪ್ಪುಗಳನ್ನೆಲ್ಲ ಒಂದು ಹಳೇ ಡೈರಿಯಲ್ಲಿ ಬರೆದಿಡಲು ಶುರುಮಾಡಿದೆ, ಮೇಷ್ಟ್ರ ಚಟ. ಎಂಟೇಳಲ ಐವತ್ತೇಳು. ಒಂಬತ್ತೊಂಬತ್ತಲ ಎಂಬತ್ತೆರಡು. ಹನ್ನೆರಡು ಹನ್ನೆರಡಲ ನೂರ ನಲವತ್ತೈದು. ವರ್ಷಕ್ಕೆ ಹದಿಮೂರು ತಿಂಗಳು. ವಾರಕ್ಕೆ ಎಂಟು ದಿನ. ಜೇಡಕ್ಕೆ ಒಂಬತ್ತು ಕಾಲು. ಮೂರು ವಾರ ಬರೆದ ಮೇಲೆ ಒಂದು ಬೆಳಿಗ್ಗೆ ಕೂತು ಪುಟಗಳನ್ನೆಲ್ಲ ಮೊದಲಿನಿಂದ ತಿರುವಿದೆ. ದಡ್ಡರ ತಪ್ಪು ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ತಲೆಬುಡ ಇರುವುದಿಲ್ಲ. ಇಲ್ಲಿ ಒಂದೊಂದು ತಪ್ಪೂ ಸರಿ ಉತ್ತರಕ್ಕಿಂತ ಒಂದೇ ಒಂದು ಹೆಚ್ಚು. ಸರಿ ಉತ್ತರ ಗೊತ್ತಿದ್ದವರಿಗೆ ಮಾತ್ರ ಹಾಗೆ ತಪ್ಪಲು ಬರುತ್ತದೆ. ಭೀಮರಾಜನನ್ನು ತೋಟದ ಪಂಪ್‌ಹೌಸಿಗೆ ಕರೆದುಕೊಂಡು ಹೋಗಿ ಕೂರಿಸಿ ಕೇಳಿದೆ. ಬಿಕ್ಕಿ ಬಿಕ್ಕಿ ಅಳುತ್ತಾ ಹೇಳಿದ.

ಯೋಜನೆ ಅವಳದು. ಶಾಲೆಯ ದಾರಿಯಲ್ಲಿ ಹೇಳಿಕೊಟ್ಟಳಂತೆ, "ಅಣ್ಣಾ, ನಾನು ಮೊದ್ಲೇ ಎದ್ದು ಹೇಳ್ತೀನಿ. ನೀನು ಅದ್ರಲ್ಲಿ ಒಂದು ಕಳೆದು ಹೇಳು." ಹಾಗೆ ಮಾಡಿದರೆ ಅಣ್ಣ ಮಂಡಿಯೂರಬೇಕಾಗಿಲ್ಲ, ಅವಳು ಯಾರಿಗೂ ಹೊಡೆಯಬೇಕಾಗಿಲ್ಲ. ಕೆಲವು ದಿನ ನಡೆಯಿತು, ಇವನು ಮೇಷ್ಟ್ರ ಕಣ್ಣು ತಪ್ಪಿಸಿ ಹೊಡೆದ ಹಾಗೆ ಮಾಡಿ ಸುಮ್ಮನಾಗುತ್ತಿದ್ದ. ಆಮೇಲೆ ಲೋಕೇಶ ಅದನ್ನು ಕಂಡುಹಿಡಿದ. ಮಗ್ಗಿ ಬರದಿದ್ದರೇನು, ಒಂದು ಕಳೆಯುವುದು ಯಾರಿಗೆ ಬರುವುದಿಲ್ಲ? ಅವನು ಇವನಿಗಿಂತ ಚುರುಕಾಗಿ ಕೂಗುತ್ತಿದ್ದ, ಎರಡು ತಿಂಗಳು ತಿಂದಿದ್ದ ಏಟುಗಳನ್ನೆಲ್ಲ ಒಂದೊಂದಾಗಿ ತೀರಿಸಿದ. ಅವನು ಬಲಗೈಯವನು, ಬಿದ್ದದ್ದೆಲ್ಲ ಎಡಗೆನ್ನೆಗೆ. ಭೀಮರಾಜ ಕಾಲು ಹಿಡಿದು ಕೇಳಿಕೊಂಡನಂತೆ, ಸರಿಯಾದ್ದೇ ಹೇಳು ಪುಟ್ಟಿ, ನಾನು ಏಟು ತಿಂತೀನಿ ಎಂದು. ಅವಳು ಒಪ್ಪಲಿಲ್ಲ. "ಸರಿ ಹೇಳಿದ್ರೆ ಒಂಬತ್ತು ಏಟು. ತಪ್ಪು ಹೇಳಿದ್ರೆ ಒಂದೇ. ಒಂದು ಕಮ್ಮಿ ಅಲ್ವಾ ಅಣ್ಣ?" ಅಂದಳಂತೆ. ಇದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ಹೆಮ್ಮೆ ಮೀನಾ, ಆಮೇಲೆ ನಾಚಿಕೆ. ಉಗಿ ನನ್ನ ಮುಖಕ್ಕೆ.

ಅದಾಗಿ ಎರಡು ದಿನಕ್ಕೆ ಅವಳ ದಿಂಬಿನ ಮೇಲೆ ಹಳದಿ ಕಲೆ ಕಂಡಿತು, ನಾರುತ್ತಿತ್ತು. ನಿನ್ನ ಅಮ್ಮ ಕಿವಿಗೆ ಬೆಚ್ಚನೆ ಎಣ್ಣೆ ಬಿಟ್ಟಳು. ನೀನಿದ್ದಿದ್ದರೆ ಎಣ್ಣೆ ಬಿಡಲು ಬಿಡುತ್ತಿರಲಿಲ್ಲ, ನಮಗೆ ಗೊತ್ತಾಗಲಿಲ್ಲ. ಹೋದ ಸೋಮವಾರ ಅರಸೀಕೆರೆಗೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಲೈಟು ಬಿಟ್ಟು ನೋಡಿ, ಎಡಗಿವಿಯ ತಮಟೆ ಹರಿದಿದೆ, ಒಳಗೆ ಕೀವು ತುಂಬಿದೆ, ತಿಂಗಳ ಮೇಲಾಗಿದೆ ಅಂದರು. ಈಗ ಆ ಕಿವಿ ಹೆಚ್ಚುಕಡಿಮೆ ಕೇಳುವುದಿಲ್ಲ. ಕೀವು ಒಣಗಿದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಬಹುದು, ಪೂರ್ತಿ ಸರಿಹೋಗುತ್ತದೆಂದು ಹೇಳಲಾಗದು ಅಂದರು. ಯಾರಾದರೂ ಹೊಡೆದರೇ ಎಂದು ಕೇಳಿದರು. ಹಳೇಬೀಡಿನಲ್ಲಿ ಶಾಲೆಯ ಹುಡುಗನೊಬ್ಬ ಹೊಡೆದ ಎಂದು ಹೇಳಿದೆ. ಅವಳು ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯನ್ನು ನೋಡುತ್ತಾ ಕೂತಿದ್ದಳು. ಅಲ್ಲಿಂದ ನೇರವಾಗಿ ಶಾಲೆಗೆ ಹೋಗಿ ಕರಿಬಸವಯ್ಯನ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲೂ ಇಲ್ಲ. "ನೀವೇ ಕಲಿಸಿದ್ದಲ್ವಾ ಸಾರ್? ನಾನೂ ಇದೇ ಹಜಾರದಲ್ಲಿ ಮಂಡಿಯೂರಿದ್ದೆ, ನೀವು ನಿಂತು ನೋಡ್ತಿದ್ರಿ" ಅಂದ. ಅವಳು ಒಂದು ಹೆಚ್ಚು ಸೇರಿಸಿ ಹೇಳುವ ಲೆಕ್ಕ ಅವನಿಗೂ ಮೊದಲೇ ಗೊತ್ತಿತ್ತು ಎಂದು ನನಗೆ ಅನುಮಾನ. ನಮ್ಮ ಹುಡುಗಿ ಲೋಕೇಶನಿಗೆ ಹೊಡೆಯುತ್ತಾಳೆಂಬ ಪಟೇಲರ ಮನೆಯ ದೂರು ನಿಂತಿತಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ಈಗ ಕಾಂತಮ್ಮ ಟೀಚರ್ ಅವಳನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಯಾರೂ ಅವಳನ್ನು ಏನೂ ಕೇಳಬಾರದೆಂದು ಹೇಳಿದ್ದಾರೆ. ನಾನು ಟ್ರಂಕಿನ ಬೀಗ ತೆಗೆದು ನಿನ್ನ ಏಳು ಪುಸ್ತಕಗಳನ್ನೂ ಅವಳ ಮುಂದಿಟ್ಟೆ. ಒಂದನ್ನು ಎತ್ತಿಕೊಂಡು, ನನ್ನನ್ನು ಒಂದು ಸಲ ನೋಡಿ, ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ತಡವರಿಸುತ್ತಾ ಓದಿದಳು, ಈಗ ತಾನೇ ಕಲಿಯುತ್ತಿರುವವಳ ಹಾಗೆ. ಪೇಪರನ್ನು ತಲೆಕೆಳಗಾಗಿ ಓದುತ್ತಿದ್ದ ಮಗು. ನಾನು ಎದ್ದು ಹೊರಗೆ ಬಂದೆ. ನೀನು ಸಂಕ್ರಾಂತಿಗೆ ಕಾಯಬೇಡ, ರಜೆ ಹಾಕಿ ಬಂದು ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗು. ಕ್ವಾರ್ಟರ್ಸು ಒಂದೇ ಕೋಣೆಯದಾದರೂ ಪರವಾಗಿಲ್ಲ. ಅಲ್ಲಿನ ಶಾಲೆಯಲ್ಲಿ ಮಗು ಬಹಳ ಬುದ್ಧಿವಂತೆ ಅಂತ ಮೊದಲೇ ಹೇಳಬೇಡ. ಒಬ್ಬರು ಒಳ್ಳೆಯ ಟೀಚರು ತಾವಾಗಿ ಕಂಡುಕೊಳ್ಳುವವರೆಗೆ ತೆಪ್ಪಗಿರು. ಮನೆಗೆ ಬಂದವರ ಮುಂದೆ ನಿಲ್ಲಿಸಿ ಏನನ್ನೂ ಕೇಳಬೇಡ.

ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ನಾನು ಬಾಯಲ್ಲಿ ಹೇಳಿದರೆ ನಿನ್ನ ಅಮ್ಮ ಸೌಟು ಕೆಳಗೆ ಹಾಕುತ್ತಾಳೆ, ಅದಕ್ಕೆ ಕಾಗದದಲ್ಲಿ ಬರೆದಿದ್ದೇನೆ. ಭೀಮರಾಜ ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾನೆ.

ಇಂತಿ ನಿನ್ನ ತಂದೆ,
ಉಗ್ರಪ್ಪ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ, ಟಪಾಲಿನ ಬಸ್ಸಿಗೆ ಹೊತ್ತಾಯಿತು. ಹಳೇಬೀಡಿನಿಂದ ಬಂದ ಸಂಜೆ ಎರಡು ಮಾತು ಬೈದೆ ಎಂದು ಬರೆದಿದ್ದೇನಲ್ಲ, ಅದು ಮಾತಲ್ಲ. ಎಂಟೇಳಲ ಎಷ್ಟು ಎಂದು ಕೇಳಿದೆ, ಐವತ್ತೇಳು ಅಂದಳು, ನಾನು ಅವಳ ಮೂಗು ಹಿಡಿದು ಬಾರಿಸಿದೆ, ಪೂರ್ತಿ ಕೈಯಲ್ಲಿ. ಕಿವಿಯಿಂದ ರಕ್ತ ಬಂದದ್ದು ಆಗ. ನಿನ್ನ ಅಮ್ಮ ನೀರು ಸೇದಲು ಹೋಗಿದ್ದಳು, ಅವಳು ಬರುವುದರೊಳಗೆ ಒರೆಸಿದೆ. ಲೋಕೇಶ ಹೊಡೆದ ಮೇಲೂ ಅವಳಿಗೆ ಕೇಳುತ್ತಿತ್ತು. ಬಸ್ಸಿನಲ್ಲಿ ನನ್ನ ಬಲಗಡೆ ಕೂತಿದ್ದಳು, ಎಡಗಿವಿ ನನ್ನ ಕಡೆಗೇ ಇತ್ತು. ನಾನು ಪಿಸುಮಾತಿನಲ್ಲಿ ಬೈದದ್ದಕ್ಕೆಲ್ಲ ಒಂದೊಂದಕ್ಕೂ ಹ್ಞೂಂ ತಾತ ಅಂದಿದ್ದಳು. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ನಿನ್ನ ಅಮ್ಮನಿಗೆ ಭೀಮರಾಜ ಹೇಳಿದ, ಅವನು ಬಾಗಿಲಲ್ಲಿ ನಿಂತು ನೋಡಿದ್ದನಂತೆ. ಇವತ್ತು ಬೆಳಿಗ್ಗೆ ಹರ್ಷಿತಾಳ ಎಡಗಡೆ ನಿಂತು ಕರೆದೆ, ತಿರುಗಲಿಲ್ಲ. ಮುಂದೆ ಬಂದು ಕೂತು, ಎಷ್ಟು ಕಿವಿ ಕೇಳಿಸುತ್ತೆ ಪುಟ್ಟಿ ಎಂದು ಕೇಳಿದೆ. ನನ್ನ ಬಲಗೈಯನ್ನೇ ನೋಡುತ್ತಾ "ಎರಡು ತಾತ" ಅಂದಳು. ನೀನು ಒಂದು ಕಳೆದು ಓದಿಕೋ.